ಹರಿಯಲಿ ಬಿಡಿ, ಆ ಪುಟದ ಬಾಗಿಲು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಎರಡು ವಾರದ ಹಿಂದೆ ನಿಮ್ಮ ಭಾನುವಾರದ ಸಂಚಿಕೆಯಲ್ಲಿ, ಮಕ್ಕಳ ಕೈಗೆ ಮೊಬೈಲ್ ಬಂತು, ಪುಸ್ತಕ ಹೋಯಿತು ಎಂಬ ಲೇಖನ ಓದಿದೆ. ಬರೆದವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಅಲ್ಲಿ ಇದ್ದದ್ದು ಓದಲು ಕಲಿತ ಮಕ್ಕಳ ವಿಷಯ ಮಾತ್ರ. ಮೂರು, ನಾಲ್ಕು, ಐದು ವರ್ಷದವರ ಮಾತೇ ಇರಲಿಲ್ಲ. ಅಕ್ಷರ ಬಾರದ ಮಗುವಿಗೆ ಪುಸ್ತಕ ಯಾಕೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ, ಅಲ್ವಾ? ಆ ಚಿಕ್ಕವರ ಪರವಾಗಿ, ಅವರು ಕಾಗದದ ಮಡಿಕೆ ಎತ್ತಿ ನೋಡುವ ಪುಸ್ತಕಗಳ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಉದ್ದ ಆಗಿದೆ. ಜಾಗ ಸಾಲದಿದ್ದರೆ ನನ್ನ ಬಗ್ಗೆ ಬರೆದುಕೊಂಡದ್ದನ್ನು ತೆಗೆಯಿರಿ. ಇರುವೆಗಳ ವಿಷಯ ಮಾತ್ರ ತೆಗೆಯಬೇಡಿ.

ನಾನು ತಿಪಟೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಹನ್ನೊಂದು ವರ್ಷ ಆಯಿತು. ಊರಲ್ಲಿ ನನ್ನನ್ನು ಲೈಬ್ರರಿ ಅಕ್ಕ ಅನ್ನುತ್ತಾರೆ. 2020ರಲ್ಲಿ ‘ಓದುವ ಬೆಳಕು’ ಎಂಬ ಸರ್ಕಾರದ ಕಾರ್ಯಕ್ರಮ ಶುರುವಾದಾಗ 6ರಿಂದ 18 ವರ್ಷದ ಮಕ್ಕಳಿಗೆ ಉಚಿತವಾಗಿ ಸದಸ್ಯತ್ವ ಕೊಟ್ಟೆವು. ನಾನೇ ಮನೆಮನೆಗೆ ಹೋಗಿ ಹೆಸರು ಬರೆದುಕೊಂಡು ಬಂದೆ. ಮಕ್ಕಳು ಬಂದರು. ಅವರ ಸೊಂಟದ ಮೇಲೆ ಕೂತು, ಬೆರಳು ಹಿಡಿದುಕೊಂಡು, ಕಾರ್ಡಿಲ್ಲದ ತಮ್ಮ ತಂಗಿಯರೂ ಬಂದರು. ಅಪ್ಪ ಅಮ್ಮ ತೋಟಕ್ಕೋ ಕೂಲಿಗೋ ಹೋದರೆ ಚಿಕ್ಕವರನ್ನು ನೋಡಿಕೊಳ್ಳುವವರು ದೊಡ್ಡ ಮಕ್ಕಳೇ ತಾನೇ? ದೊಡ್ಡವರು ಓದುತ್ತಾ ಕೂತರೆ ಈ ಚಿಕ್ಕವರು ಏನು ಮಾಡಬೇಕು? ಬಾಗಿಲಲ್ಲಿದ್ದ ಚಪ್ಪಲಿಗಳನ್ನು ಜೋಡಿಸುತ್ತಿದ್ದರು. ಕಿಟಕಿಯ ಸರಳು ಹಿಡಿದು ನೇತಾಡುತ್ತಿದ್ದರು. ಆಮೇಲೆ ಒಂದಕ್ಕೆ ಹೋಗಬೇಕು ಅಂತ ಅಕ್ಕನ ಲಂಗ ಎಳೆಯುತ್ತಿದ್ದರು. ಅರ್ಧ ಗಂಟೆಯಲ್ಲಿ ಇಬ್ಬರೂ ಮನೆಗೆ.

ಹೀಗೆ ನೋಡುತ್ತಾ ಇರುವಾಗ ನನಗೆ ಹಳೆಯ ಒಂದು ಘಟನೆ ನೆನಪಾಗುತ್ತಿತ್ತು. ಈ ಕೆಲಸಕ್ಕೆ ಬರುವ ಮುಂಚೆ ನಾನು ಒಂದು ನರ್ಸರಿ ಶಾಲೆಯಲ್ಲಿ ಟೀಚರ್ ಆಗಿದ್ದೆ. ಅದರ ಹೆಸರು ಬೇಡ. ಅಲ್ಲಿ ಗಾಜಿನ ಬೀರುವಿನಲ್ಲಿ ಇಂಗ್ಲಿಷಿನ ಒಂದು ದಪ್ಪ ರಟ್ಟಿನ ಪುಸ್ತಕ ಇತ್ತು. ಪ್ರತಿ ಪುಟದಲ್ಲೂ ಅಂಟಿಸಿದ ಒಂದು ತುಂಡು ಕಾಗದ. ಅದನ್ನು ಎತ್ತಿದರೆ ಒಳಗೆ ಯಾವುದೋ ಪ್ರಾಣಿ. ಶಾಲೆ ನೋಡಲು ತಂದೆ ತಾಯಿ ಬಂದಾಗ ಮಾತ್ರ ಅದು ಹೊರಗೆ ಬರುತ್ತಿತ್ತು. ಒಂದು ದಿನ ಮಳೆ ಜೋರು. ಮಕ್ಕಳು ಹೆದರಿ ಅಳುತ್ತಿದ್ದರು. ನಾನು ಬೀಗ ತೆಗೆದು ಆ ಪುಸ್ತಕ ತಂದು ಅವರ ನಡುವೆ ಇಟ್ಟೆ. ಅಳು ನಿಂತಿತು. ಇಪ್ಪತ್ತು ಕೈ ಒಟ್ಟಿಗೆ ಬಂದವು. ಒಂದು ಕಾಗದ ಕಿತ್ತು ಬಂತು. ಸಂಬಳದಲ್ಲಿ 350 ರೂಪಾಯಿ ಹಿಡಿದರು. ಆಗ ನನ್ನ ಸಂಬಳ 2,500. ದುಡ್ಡು ಹೋದದ್ದಕ್ಕಿಂತ ಜಾಸ್ತಿ ನೋವಾದದ್ದು, ಮಾರನೇ ದಿನದಿಂದ ಬೀರುವಿನ ಬೀಗದ ಕೈ ಆಫೀಸು ರೂಮಿಗೆ ಹೋದದ್ದು.

ಆ ಬಗೆಯ ಪುಸ್ತಕಕ್ಕೆ ದೊಡ್ಡ ಹೆಸರು ಬಂದದ್ದು 1980ರಲ್ಲಿ ಎಂದು ಆಮೇಲೆ ತಿಳಿದೆ. ಇಂಗ್ಲೆಂಡಿನ ಎರಿಕ್ ಹಿಲ್ ಎಂಬ ಚಿತ್ರಕಾರರು ಜಾಹೀರಾತಿನ ಒಂದು ಕರಪತ್ರ ಮಾಡುತ್ತಿದ್ದರಂತೆ. ಅದರಲ್ಲಿ ಎತ್ತಿ ನೋಡುವ ಮಡಿಕೆಗಳಿದ್ದವು. ಅವರ ಪುಟ್ಟ ಮಗ ಅದನ್ನು ಎತ್ತಿ ಎತ್ತಿ ನೋಡಿ ಖುಷಿಪಟ್ಟ. ಅದನ್ನು ಕಂಡು ಅವರು ಮಗನಿಗಾಗಿ ಒಂದು ಕತೆ ಮಾಡಿದರು. ಊಟ ಮಾಡದೆ ಕಾಣೆಯಾದ ನಾಯಿಮರಿಯನ್ನು ತಾಯಿ ಹುಡುಕುವ ಕತೆ. ಬಾಗಿಲ ಹಿಂದೆ ನೋಡಿದರೆ ಬೇರೆ ಪ್ರಾಣಿ, ಮಂಚದ ಕೆಳಗೆ ನೋಡಿದರೆ ಮೊಸಳೆ. ಆ ಮನೆಯಲ್ಲಿ ಮೊಸಳೆ ಯಾಕಿದೆ ಅಂತ ಯಾವ ಮಗುವೂ ಕೇಳುವುದಿಲ್ಲ. ನಗುತ್ತದೆ, ಮುಂದಿನ ಪುಟಕ್ಕೆ ಕೈ ಹಾಕುತ್ತದೆ. ಆ ಪುಸ್ತಕ ಆಮೇಲೆ ಎಷ್ಟೋ ಭಾಷೆಗಳಿಗೆ ಹೋಯಿತು.

ಇದು ಪರದೇಶದ ಬುದ್ಧಿ, ನಮಗೆ ಹೊಸದು ಅಂತ ಯಾರೂ ಅಂದುಕೊಳ್ಳಬೇಡಿ. ನಮ್ಮಜ್ಜಿ ಜಗುಲಿಯಲ್ಲಿ ಕೂತು ಒಗಟು ಹಾಕುತ್ತಿದ್ದರು. ‘ಮೂರು ಕಣ್ಣಿದೆ, ಶಿವನಲ್ಲ. ಒಳಗೆ ನೀರಿದೆ, ಕೊಡವಲ್ಲ.’ ತೆಂಗಿನ ಮರದ ನೆರಳಲ್ಲೇ ಕೂತಿದ್ದರೂ ನಮಗೆ ಹೊಳೆಯುತ್ತಿರಲಿಲ್ಲ. ಸೋತವರು ಒಂದು ಊರು ಬಿಟ್ಟುಕೊಡಬೇಕು. ನಾನು ಅರಸೀಕೆರೆ, ಚಿಕ್ಕನಾಯಕನಹಳ್ಳಿ, ತುರುವೇಕೆರೆ ಎಲ್ಲ ಕೊಟ್ಟು ಮುಗಿಸಿದ್ದೆ. ಅಜ್ಜಿ ಉತ್ತರ ಸುಲಭಕ್ಕೆ ಹೇಳುತ್ತಿರಲಿಲ್ಲ. ಮೇಲೆ ನೋಡು ಅನ್ನುತ್ತಿದ್ದರು, ಅಷ್ಟೇ. ಸುಳಿವು ಕೊಟ್ಟು ಸುಮ್ಮನಾಗುವುದು ಅವರಿಗೆ ಗೊತ್ತಿತ್ತು. ಈಗ ನಾವು ಮಕ್ಕಳಿಗೆ ಕೊಡುವ ಕತೆಗಳಲ್ಲಿ ಅದೇ ಇಲ್ಲ. ಎಲ್ಲವನ್ನೂ ಹೇಳಿಬಿಡುತ್ತೇವೆ. ಕೊನೆಗೆ ನೀತಿಯನ್ನೂ ಹೇಳುತ್ತೇವೆ. ಮಗುವಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ.

ಅದಕ್ಕೇ ಕಳೆದ ವರ್ಷ ನಾವೇ ಒಂದು ಪುಸ್ತಕ ಮಾಡಿದೆವು. ನಾವು ಅಂದರೆ ನಾನು ಮತ್ತು ಶನಿವಾರ ಮಧ್ಯಾಹ್ನ ಬರುವ ಹತ್ತು ಹನ್ನೆರಡು ಮಕ್ಕಳು. ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿ ಬೆಳ್ಳಗೆ ಗಟ್ಟಿಯಾಗಿರುತ್ತದೆ. ಅದೇ ನಮ್ಮ ಪುಟ. ಎತ್ತಿ ನೋಡುವ ಮಡಿಕೆಗೆ ಲಗ್ನಪತ್ರಿಕೆಯ ದಪ್ಪ ಕಾಗದ. ಮಕ್ಕಳು ಅದಕ್ಕೆ ಬಾಗಿಲು ಅನ್ನುತ್ತಾರೆ. ನಾನೂ ಈಗ ಹಾಗೇ ಅನ್ನುತ್ತೇನೆ. ಮೈದಾ ಹಿಟ್ಟು ಕಾಯಿಸಿದ ಅಂಟು. ಕೊಬ್ಬರಿ ಚೀಲ ಹೊಲಿಯುವ ದಬ್ಬಳ, ಗೋಣಿದಾರದಲ್ಲಿ ಹೊಲಿಗೆ. ಒಟ್ಟು 16 ಪುಟ, 7 ಬಾಗಿಲು.

ಕತೆ ಇಷ್ಟೇ. ಒಂಬತ್ತು ಹತ್ತು ತಿಂಗಳು ಅಟ್ಟದಲ್ಲಿದ್ದ ಕಾಯಿಯನ್ನು ಅಜ್ಜಿ ಕೆಳಗಿಳಿಸುತ್ತಾಳೆ. ನಮ್ಮ ಕಡೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗಡಗಡ ಅಂದರೆ ಉಂಡೆ ಕೊಬ್ಬರಿ ಆಯಿತು ಅಂತ ಅವರಿಗೇ ಗೊತ್ತು. ಅಜ್ಜಿ ಚಿಪ್ಪು ಒಡೆದು, ಕೊಬ್ಬರಿಯನ್ನೂ ಒಂದು ಅಚ್ಚು ಬೆಲ್ಲವನ್ನೂ ತಟ್ಟೆಯಲ್ಲಿಟ್ಟು ನೀರಿಗೆ ಹೋಗುತ್ತಾಳೆ. ಬಂದು ನೋಡಿದರೆ ತಟ್ಟೆ ಖಾಲಿ. ತಾತನಿಗೆ ಎಲ್ಲಿಲ್ಲದ ಕೋಪ. ‘ಯಾರೋ ಅದು ಕೊಬ್ಬರಿ ಕದ್ದವರು? ಈಗಲೇ ಹಿಡಿಯುತ್ತೇನೆ’ ಅಂತ ಟಾರ್ಚ್ ಹಿಡಿದು ಹೊರಡುತ್ತಾನೆ. ಮಂಕರಿ ಎತ್ತಿದರೆ ಒಳಗೆ ಕೋಳಿ. ‘ನಾನಲ್ಲಪ್ಪಾ, ಮೊಟ್ಟೆ ಇಡೋದರಲ್ಲಿ ನನಗೆ ಪುರುಸೊತ್ತೇ ಇಲ್ಲ.’ ಅಟ್ಟದ ಬಾಗಿಲು ತೆಗೆದರೆ ಇಲಿ. ಬಾಯಿಗೆ ಬಟ್ಟೆ ಕಟ್ಟಿಕೊಂಡಿದೆ, ಹಲ್ಲುನೋವು. ಹಂಡೆಯ ಹಿಂದೆ ಬೆಕ್ಕು. ಕೊಟ್ಟಿಗೆಯಲ್ಲಿ ಕರು. ಸುತ್ತಿಟ್ಟ ಹಾಸಿಗೆಯೊಳಗೆ ತಮ್ಮ, ನಿದ್ದೆ ಬಂದ ಹಾಗೆ ನಟಿಸುತ್ತಿದ್ದಾನೆ. ಅಜ್ಜಿಯ ಪೆಟ್ಟಿಗೆಯಲ್ಲಿ ಅಜ್ಜಿಯ ಮದುವೆ ಸೀರೆ. ಕಳ್ಳ ಎಲ್ಲೂ ಇಲ್ಲ. ಕೊನೆಯ ಬಾಗಿಲು ತಾತನ ಜುಬ್ಬದ ಜೇಬು. ಅದರೊಳಗೆ ಅರ್ಧ ತಿಂದ ಕೊಬ್ಬರಿ, ಬೆಲ್ಲ.

ಮೊದಲ ಸಲ ಬರೆದಾಗ ಇದು ಬರೀ ಕತೆಯಾಗಿತ್ತು. ಜೇಬು ತೆಗೆದಾಗ ನಗು ಬರುತ್ತಿತ್ತು ನಿಜ. ಆದರೆ ಅದು ತಾತನೇ ಅಂತ ಮುಂಚೆ ಊಹಿಸಲು ದಾರಿ ಇರಲಿಲ್ಲ. ಕತೆ ಕೇಳುತ್ತಾ ಕೂತಿದ್ದ ಐದು ವರ್ಷದ ಒಬ್ಬ ಹುಡುಗ ಎದ್ದು ಬಂದ. ಒಂದನೇ ಕ್ಲಾಸಿಗೂ ಸೇರಿರಲಿಲ್ಲ. ‘ಅಕ್ಕಾ, ಬೆಲ್ಲ ಇದ್ರೆ ಇರುವೆ ಬರಲ್ವಾ?’ ಅಂದ. ನನ್ನ ಮೇಜಿನ ಮೇಲಿದ್ದ ಬಾಲ್‌ಪೆನ್ ತಗೊಂಡು ತಟ್ಟೆಯ ಪಕ್ಕ ಮೂರು ಇರುವೆ ಬರೆದ. ಮುಂದಿನ ಪುಟದಲ್ಲಿ ಐದು. ಹಾಗೇ ಪುಟದ ಕೆಳಗಿನ ಅಂಚಿನಲ್ಲಿ ಸಾಲು ಎಳೆಯುತ್ತಾ ಹೋದ. ಆ ಸಾಲು ಎಲ್ಲ ಪುಟದಲ್ಲೂ ತಾತನ ಕಾಲಿನ ಹಿಂದೆಯೇ ಹೋಗುತ್ತಿತ್ತು. ನಾನು ನೋಡುತ್ತಾ ನಿಂತುಬಿಟ್ಟೆ. ಒಗಟಿಗೆ ಸುಳಿವು ಕೊಟ್ಟವನು ಅವನು.

ಪುಸ್ತಕದ ಮಾತಿನಲ್ಲಿ ಇರುವೆಯ ಹೆಸರೇ ಇಲ್ಲ. ಅದು ಚಿತ್ರದಲ್ಲಿ ಮಾತ್ರ ಇದೆ. ಇದರಿಂದ ಏನಾಯಿತು ಗೊತ್ತೇ? ಓದಲು ಬರುವ ದೊಡ್ಡವರು ಸೋಲುತ್ತಾರೆ, ಓದಲು ಬಾರದ ಚಿಕ್ಕವರು ಗೆಲ್ಲುತ್ತಾರೆ. ಪಂಚಾಯಿತಿಗೆ ಬಂದ ಹೈಸ್ಕೂಲು ಮೇಷ್ಟ್ರು ಒಬ್ಬರಿಗೆ ಪುಸ್ತಕ ಕೊಟ್ಟೆ. ಚೆನ್ನಾಗಿ ಓದಿದರು. 13ನೇ ಪುಟ ದಾಟಿದರೂ ಇರುವೆ ಕಾಣಲಿಲ್ಲ. ಪಕ್ಕದಲ್ಲಿ ನಿಂತ ಪುಟಾಣಿಗಳು ಹೇಳಲೂ ಆಗದೆ, ಬಿಡಲೂ ಆಗದೆ ಬಾಯಿ ಮುಚ್ಚಿಕೊಂಡು ಕುಣಿಯುತ್ತಿದ್ದರು. ಯಾಕೆ ಹೀಗೆ ಅಂತ ಆಮೇಲೆ ತಿಳಿಯಿತು. ನನ್ನ ಮಗಳು ಬಿ.ಇಡಿ. ಓದುತ್ತಿದ್ದಾಳೆ. ಅವಳು ಹೇಳಿದಳು: 2005ರಲ್ಲಿ ಕೆನಡಾದ ಸಂಶೋಧಕರು, ಕತೆ ಓದಿ ಹೇಳುವಾಗ ಪುಟ್ಟ ಮಕ್ಕಳ ಕಣ್ಣು ಎಲ್ಲಿ ಓಡುತ್ತದೆ ಎಂದು ಯಂತ್ರ ಇಟ್ಟು ನೋಡಿದ್ದಾರೆ. ಮಕ್ಕಳ ಕಣ್ಣು ಅಕ್ಷರದ ಮೇಲೆ ಇರುವುದೇ ಅಪರೂಪ, ಹೆಚ್ಚು ಹೊತ್ತು ಚಿತ್ರದಲ್ಲೇ ಇರುತ್ತದೆ. ನಾವು ಅಕ್ಷರ ಕಲಿತ ಮೇಲೆ ಚಿತ್ರದ ಮೂಲೆ ಮೂಲೆ ನೋಡುವ ಆ ಕಣ್ಣನ್ನು ಎಲ್ಲೋ ಬಿಟ್ಟುಬಿಡುತ್ತೇವೆ.

ಇನ್ನೊಂದು ವಿಷಯ ನನಗೆ ಇನ್ನೂ ಬೆರಗು. ಮೂರು ವರ್ಷದ ಒಬ್ಬಳಿದ್ದಾಳೆ, ಪುಟ್ಟಿ ಅನ್ನೋಣ. ಜೇಬಲ್ಲಿ ಕೊಬ್ಬರಿ ಇದೆ ಅಂತ ಒಂದು ಸಲ ನೋಡಿದ ಮೇಲೆ ಅವಳಿಗೆ ಪುಸ್ತಕದಲ್ಲಿ ನಗು ಬರುತ್ತಿರಲಿಲ್ಲ. ಮೊದಲನೇ ಪುಟದಲ್ಲೇ ಜೇಬು ತೋರಿಸಿ ‘ಇಲ್ಲೈತೆ’ ಅನ್ನುತ್ತಿದ್ದಳು. ಮುಂದಕ್ಕೆ ಯಾಕೆ ಹೋಗಬೇಕು ಎಂಬುದೇ ಅವಳ ಪ್ರಶ್ನೆ. ‘ಅಜ್ಜಿಗೆ ಗೊತ್ತಾ?’ ಅಂತ ಕೇಳಿದೆ. ‘ಹೂಂ, ಗೊತ್ತು’ ಅಂದಳು. ತನಗೆ ಗೊತ್ತಿದ್ದದ್ದು ಎಲ್ಲರಿಗೂ ಗೊತ್ತು ಅಂತ ಅವಳ ಲೆಕ್ಕ. ಹತ್ತು ತಿಂಗಳು ಹೋಯಿತು. ಪುಟ್ಟಿಗೆ ನಾಲ್ಕು ತುಂಬಿತ್ತು. ಒಂದು ಶನಿವಾರ ಕೋಳಿ ಮಂಕರಿ ತೆಗೆಯುವ ಪುಟದಲ್ಲೇ ಅವಳಿಗೆ ನಗು ತಡೆಯಲಾಗಲಿಲ್ಲ. ‘ಅಯ್ಯೋ, ಅಜ್ಜಿಗೆ ಗೊತ್ತೇ ಇಲ್ಲ! ತಾತನ ಜೋಬ್ನಾಗೈತೆ, ಅಜ್ಜಿಗೆ ಗೊತ್ತೇ ಇಲ್ಲ!’ ಅಂತ ಹೊಟ್ಟೆ ಹಿಡಿದುಕೊಂಡಳು. ಮಗಳ ಪುಸ್ತಕದಲ್ಲಿ ಇದಕ್ಕೂ ಒಂದು ಪಾಠ ಇದೆ. 1983ರಲ್ಲಿ ಆಸ್ಟ್ರಿಯಾದ ಇಬ್ಬರು ಮನಶ್ಶಾಸ್ತ್ರಜ್ಞರು ಮಕ್ಕಳಿಗೆ ಒಂದು ಕತೆ ಹೇಳಿದರಂತೆ. ಹುಡುಗ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಡಲು ಹೋಗುತ್ತಾನೆ. ಅವನಿಲ್ಲದಾಗ ಅಮ್ಮ ಬೇರೆ ಕಪಾಟಿಗೆ ಇಡುತ್ತಾಳೆ. ಅವನು ಬಂದು ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಕ್ಕಳು ಚಾಕೊಲೇಟು ಈಗ ಇರುವ ಕಡೆಗೇ ಬೆರಳು ತೋರಿಸಿದರು. ಇನ್ನೂ ಸ್ವಲ್ಪ ದೊಡ್ಡವರಾದ ಮೇಲೆ, ಅವನು ಮೊದಲು ಇಟ್ಟ ಕಡೆ ಹುಡುಕುತ್ತಾನೆ ಎಂದು ಹೇಳುವವರು ಹೆಚ್ಚಾದರು. ಅದೇ ಕಪಾಟು ನಮ್ಮೂರಲ್ಲಿ ತಾತನ ಜೇಬು ಆಗಿತ್ತು. ಇನ್ನೊಬ್ಬರ ತಲೆಯೊಳಗೆ ಬೇರೆ ಮಾತು ಇರಬಹುದು ಎಂದು ಆ ಮಗುವಿಗೆ ಹೊಳೆದ ದಿನ ನಾನು ಎದುರಿಗೇ ಕೂತಿದ್ದೆ. ಇದಕ್ಕಿಂತ ದೊಡ್ಡದು ಈ ಕೆಲಸದಲ್ಲಿ ನಾನು ಕಂಡಿಲ್ಲ.

ಪುಟ್ಟಿಯ ಅಜ್ಜಿಯನ್ನೂ ಹೇಳಬೇಕು. ಅವರಿಗೆ ಓದು ಬರಹ ಇಲ್ಲ. ಮೊಮ್ಮಗಳನ್ನು ಕರೆದುಕೊಂಡು ಹೋಗಲು ಬಂದರೆ ಹೊಸ್ತಿಲ ಹೊರಗೇ ನಿಲ್ಲುತ್ತಿದ್ದರು. ‘ನಂಗೆ ಓದಕ್ ಬರಾಕಿಲ್ಲ ಕಣವ್ವ, ಒಳಗ್ ಬಂದು ಏನ್ ಮಾಡ್ಲಿ’ ಅನ್ನುತ್ತಿದ್ದರು. ಆವತ್ತು ಪುಟ್ಟಿ ಕೈ ಹಿಡಿದು ಎಳೆದು ತಂದಳು. ಅಜ್ಜಿ ಚಾಪೆಯ ಮೇಲೆ ಕೂತರು. ಒಂದೊಂದೇ ಬಾಗಿಲು ತೆಗೆದರು. ಇರುವೆ ಅವರಿಗೆ ಎರಡನೇ ಪುಟದಲ್ಲೇ ಕಂಡಿತು. ಆಮೇಲೆ ನಮಗೆ ಯಾರಿಗೂ ಕಾಣದ್ದೊಂದು ಹೇಳಿದರು. ‘ಈ ಮುದುಕನ ದವಡೆ ನೋಡು. ಎಲ್ಲಾ ಪುಟದಾಗೂ ಒಂದ್ ಕಡೆ ಊದೈತೆ. ಅಗೀತಾನೇ ಅವ್ನೆ.’ ನೋಡಿದರೆ ಹೌದು! ನಾನು ಎಲೆಅಡಿಕೆ ಹಾಕಿಕೊಂಡ ತಾತ ಅಂತ ಹಾಗೆ ಬರೆದಿದ್ದೆ. ಮಕ್ಕಳು ಒಪ್ಪಲಿಲ್ಲ. ಅದು ಕೊಬ್ಬರಿಯೇ ಅಂತ ತೀರ್ಮಾನ ಆಯಿತು. ಅಜ್ಜಿ ಈಗ ಶನಿವಾರ ಮೊಮ್ಮಗಳಿಗಿಂತ ಮುಂಚೆ ಬರುತ್ತಾರೆ. ಓದಿ ಹೇಳುವ ಪುಸ್ತಕವೇ ಆಗಿದ್ದರೆ ಅವರು ಇನ್ನೂ ಹೊಸ್ತಿಲ ಹೊರಗೇ ಇರುತ್ತಿದ್ದರು.

ಈಗ ಹರಿಯುವ ಮಾತಿಗೆ ಬರುತ್ತೇನೆ. ಈ ಪತ್ರ ಬರೆಯಲು ಕೂತದ್ದೇ ಅದಕ್ಕೆ.

ಇಂಥ ಪುಸ್ತಕ ಬೇಕು ಅಂತ ಯಾರನ್ನು ಕೇಳಿದರೂ ಮೊದಲು ಬರುವ ಮಾತು ‘ಮಕ್ಕಳು ಹರಿದುಹಾಕುತ್ತಾರೆ’ ಅಂತ. ಹೌದು, ಹರಿಯುತ್ತಾರೆ. ನಮ್ಮ ಪುಸ್ತಕಕ್ಕೆ ಹದಿನಾಲ್ಕು ತಿಂಗಳು. ಯಾವ ಬಾಗಿಲನ್ನು ಎಷ್ಟು ಸಲ ಹೊಸದಾಗಿ ಅಂಟಿಸಿದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಜೇಬಿನ ಬಾಗಿಲು 11 ಸಲ. ಹಂಡೆಯ ಹಿಂದಿನ ಬೆಕ್ಕು 6 ಸಲ. ಇಲಿ 5. ಕೊಟ್ಟಿಗೆಯ ಕರು? ಒಂದು ಸಲವೂ ಇಲ್ಲ. ಹೊಸ ಲಗ್ನಪತ್ರಿಕೆಯ ಹಾಗೆ ಮಿಂಚುತ್ತಿತ್ತು. ಆಗ ನನಗೆ ತಿಳಿಯಿತು, ಆ ಪುಟ ಮಕ್ಕಳಿಗೆ ಬೇಕಾಗಿಲ್ಲ. ಕೇಳಿದೆ. ‘ಕರು ಕೊಟ್ಟಿಗೇಲೇ ಅಲ್ವಾ ಇರೋದು?’ ಅಂದರು. ನಿಜ ತಾನೇ, ಕೊಟ್ಟಿಗೆಯಲ್ಲಿ ಕರು ಇದ್ದರೆ ಅದರಲ್ಲಿ ಆಶ್ಚರ್ಯ ಏನು? ಕರುವಿಗೆ ತಾತನ ಕನ್ನಡಕ ಹಾಕಿಸಿದೆ. ಎರಡು ವಾರದಲ್ಲಿ ಆ ಬಾಗಿಲೂ ಹರಿಯಿತು. ಎಷ್ಟು ಖುಷಿಯಾಯಿತು ಎಂದು ಹೇಳಲಾರೆ. ಯಾವ ಪುಟ ಚೆನ್ನಾಗಿದೆ ಅಂತ ಹೇಳಲು ನಾಲ್ಕು ವರ್ಷದ ಮಗುವಿಗೆ ಬೇರೆ ದಾರಿ ಇಲ್ಲ. ಅದು ಬೆರಳಿನಲ್ಲೇ ಹೇಳುತ್ತದೆ.

ಹಾಗಾಗಿ ಮಕ್ಕಳ ಪುಸ್ತಕ ಕೊಳ್ಳುವವರಲ್ಲಿ, ಶಾಲೆಯವರಲ್ಲಿ, ಗ್ರಂಥಾಲಯಕ್ಕೆ ಪುಸ್ತಕ ದಾನ ಮಾಡುವವರಲ್ಲಿ ನನ್ನದು ಒಂದೇ ಕೇಳಿಕೆ. ಹರಿಯುವ ಪುಸ್ತಕವನ್ನೂ ಕೊಡಿ. ಹರಿದ ಮೇಲೆ ಅದನ್ನು ನಷ್ಟ ಅಂತ ಬರೆಯಬೇಡಿ. ಆಟದ ಮೈದಾನಕ್ಕೆ ಕೊಟ್ಟ ಚೆಂಡು ಸವೆದರೆ ಯಾರೂ ಲೆಕ್ಕ ಕೇಳುವುದಿಲ್ಲವಲ್ಲ.

ಮೊಬೈಲಿನ ಮೇಲೂ ನನಗೆ ಸಿಟ್ಟಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಬೇಕಾದಷ್ಟಿವೆ. ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು, ಪ್ರಿಂಟ್ ಹಾಕಿಕೊಳ್ಳಬಹುದು. ನಾನು ಎಷ್ಟೋ ಹಾಕಿಸಿದ್ದೇನೆ. ಆದರೆ ತೆರೆಯ ಮೇಲೆ ಬಾಗಿಲು ಎತ್ತಲು ಬರುವುದಿಲ್ಲ. ಒತ್ತಬಹುದು ಅಷ್ಟೇ. ಕಾಗದ ಎತ್ತುವಾಗ ಮಗು ಪೂರ್ತಿ ತೆಗೆಯುವುದಿಲ್ಲ, ಗಮನಿಸಿದ್ದೀರಾ? ಒಂದಿಷ್ಟೇ ಎತ್ತಿ, ತಲೆ ಓರೆ ಮಾಡಿ, ಸಂದಿಯಲ್ಲಿ ಇಣುಕುತ್ತದೆ. ಮತ್ತೆ ಮುಚ್ಚುತ್ತದೆ. ಪಕ್ಕದವರ ಮುಖ ನೋಡುತ್ತದೆ. ಆಮೇಲೆ ಪಟ್ ಅಂತ ತೆಗೆಯುತ್ತದೆ.

ಪ್ರಕಾಶಕರ ಕಷ್ಟವೂ ನನಗೆ ಗೊತ್ತು. ತುಮಕೂರಿನಲ್ಲಿ ಪ್ರೆಸ್ ಇಟ್ಟಿರುವ ನನ್ನ ಸೋದರಮಾವನ ಮಗನನ್ನು ಕೇಳಿದೆ. ಅವನು ಪೆನ್ನು ಹಿಡಿದು ಲೆಕ್ಕ ಹಾಕಿದ. ಸಾವಿರ ಪ್ರತಿ, ಒಂದೊಂದರಲ್ಲಿ 7 ಬಾಗಿಲು. ಅಲ್ಲಿಗೆ 7,000 ಬಾಗಿಲು. ಡೈ, ಅಂದರೆ ಕಾಗದ ಕತ್ತರಿಸುವ ಅಚ್ಚು, ಮಾಡಿಸಿ ಪಂಚಿಂಗ್ ಹೊಡೆಸಬೇಕು, ಆಮೇಲೆ ಒಂದೊಂದನ್ನೂ ಕೈಯಲ್ಲೇ ಅಂಟಿಸಬೇಕು. ‘ಅಕ್ಕಾ, ನೂರು ರೂಪಾಯಿಗೆ ಕೊಡು ಅಂದ್ರೆ ಆಗಲ್ಲ’ ಅಂದ. ಸರಿ, ಅಂಟಿಲ್ಲದೆ ಬಾಗಿಲು ಮಾಡಲು ಬರುವುದಿಲ್ಲವಾ ಅಂತ ಕೇಳಿದೆ. ಹಾಳೆಯ ಹೊರ ಅಂಚನ್ನು ನಾಲ್ಕು ಬೆರಳಷ್ಟು ಹೆಚ್ಚು ಉದ್ದ ಇಟ್ಟು ಒಳಕ್ಕೆ ಮಡಚಿದರೆ? ಸ್ವಲ್ಪ ಹೊತ್ತು ಯೋಚಿಸಿದ. ಕಟಿಂಗ್‌ನಲ್ಲಿ ಹುಷಾರಾಗಿರಬೇಕು, ಆದರೆ ಆಗುತ್ತದೆ ಅಂದ. ಮಡಚಿದ ಅಂಚು ಬಿಚ್ಚಿದರೆ ಅದೇ ಬಾಗಿಲು. ಅಂಟಿಸಲೇಬೇಕು ಅಂದರೂ ನಮ್ಮಲ್ಲಿ ಸ್ತ್ರೀಶಕ್ತಿ ಸಂಘದ ಹೆಂಗಸರು ಇದ್ದಾರೆ. ಕೈ ಚುರುಕು, ಕೆಲಸ ಅಚ್ಚುಕಟ್ಟು. ಅವರಿಗೂ ನಾಲ್ಕು ಕಾಸು ಸಿಗುತ್ತದೆ.

ಬಾಗಿಲೇ ಬೇಡ ಅಂದರೂ ಸರಿ. ಹಾಳೆ ಮಗುಚುವುದೇ ಒಂದು ಬಾಗಿಲು. ಅದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಮೊದಲ ಪ್ರತಿಯಲ್ಲಿ ‘ಹಾಗಾದರೆ ಕಳ್ಳ ಯಾರು?’ ಅಂತ ಎಡಗಡೆ ಪುಟದಲ್ಲಿ ಬರೆದಿದ್ದೆ. ಬಲಗಡೆ ಪುಟದಲ್ಲೇ ತೆರೆದ ಜೇಬಿನ ಚಿತ್ರ. ಪುಟ ಬಿಚ್ಚಿದ ಕೂಡಲೇ ಮಕ್ಕಳ ಕಣ್ಣು ಉತ್ತರಕ್ಕೇ ಹೋಯಿತು. ಪ್ರಶ್ನೆಯನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಪ್ರಶ್ನೆ ಬಲಗಡೆ ಇರಬೇಕು, ಉತ್ತರ ಹಾಳೆ ಮಗುಚಿದ ಮೇಲೆಯೇ ಸಿಗಬೇಕು. ಇಷ್ಟು ಚಿಕ್ಕ ವಿಷಯಕ್ಕೆ ಖರ್ಚೇನೂ ಇಲ್ಲ. ಆದರೂ ನಮ್ಮ ಎಷ್ಟೋ ಮಕ್ಕಳ ಪುಸ್ತಕಗಳಲ್ಲಿ ಇದನ್ನು ನೋಡುವವರಿಲ್ಲ. ಚಿತ್ರದವರಿಗೆ ಕತೆ ಪೂರ್ತಿ ಬರೆದಾದ ಮೇಲೆ ಕೊಡುತ್ತಾರೆ. ಮಾತಿನಲ್ಲಿ ಕಾಗೆ ಅಂತ ಇದ್ದರೆ ಚಿತ್ರದಲ್ಲೂ ಕಾಗೆ. ಮಾತು ಹೇಳದೆ ಬಿಟ್ಟದ್ದನ್ನು ಚಿತ್ರ ಹೇಳುವುದಕ್ಕೆ ಜಾಗವೇ ಇರುವುದಿಲ್ಲ. ಬರೆಯುವವರೂ ಚಿತ್ರ ಬಿಡಿಸುವವರೂ ಮೊದಲ ದಿನದಿಂದಲೇ ಒಟ್ಟಿಗೆ ಕೂರಬೇಕು. ಸಾಧ್ಯವಾದರೆ ಐದು ವರ್ಷದ ಒಬ್ಬರನ್ನೂ ಕೂರಿಸಿಕೊಳ್ಳಬೇಕು.

ಕೊನೆಗೆ ನಿಮ್ಮಲ್ಲೇ ಒಂದು ಕೇಳುವುದಿದೆ.

ಕಳೆದ ತಿಂಗಳು ಬೆಳಗ್ಗೆ ಲೈಬ್ರರಿಯಲ್ಲಿ ಪೇಪರ್ ಜೋಡಿಸುತ್ತಿದ್ದೆ. ಇರುವೆ ಬರೆದ ಹುಡುಗ ಪೂರ್ವದ ಕಿಟಕಿಯ ಹತ್ತಿರ ನಿಮ್ಮ ಪತ್ರಿಕೆಯ ಒಂದು ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಒಬ್ಬನೇ ನಗುತ್ತಿದ್ದ. ಹೋಗಿ ನೋಡಿದೆ. ಈ ಬದಿಯಲ್ಲಿ ಒಂದು ಹಸುವಿನ ಚಿತ್ರ. ಹಿಂಬದಿಯಲ್ಲಿ ಬ್ಯಾಟು ಬೀಸುವ ಆಟಗಾರ. ಬಿಸಿಲು ಬಿದ್ದಾಗ ಎರಡೂ ಸೇರಿ ಆಟಗಾರ ಹಸುವಿನ ಬೆನ್ನ ಮೇಲೆ ನಿಂತ ಹಾಗೆ ಕಾಣುತ್ತಿತ್ತು. ‘ಅಕ್ಕಾ, ಪೇಪರ್ ಒಳಗೂ ಬಾಗಿಲೈತೆ’ ಅಂದ.

ನೀವು ಇದನ್ನೇ ಬೇಕೆಂದೇ ಮಾಡಬಹುದು. ಭಾನುವಾರದ ಮಕ್ಕಳ ಪುಟದಲ್ಲಿ ವಾರಕ್ಕೊಂದು ಚಿತ್ರ ಹಾಕಿ. ಏನೋ ಕಳೆದುಹೋಗಿದೆ, ಯಾರೋ ಹುಡುಕುತ್ತಿದ್ದಾರೆ. ನಾಲ್ಕೇ ಸಾಲು ಮಾತು. ಸುಳಿವೆಲ್ಲ ಚಿತ್ರದಲ್ಲೇ ಇರಲಿ. ಕಳ್ಳನ ಚಿತ್ರವನ್ನು ಹಿಂದಿನ ಪುಟದಲ್ಲಿ ಸರಿಯಾಗಿ ಅದೇ ಜಾಗದಲ್ಲಿ ಅಚ್ಚು ಹಾಕಿ. ಸ್ವಲ್ಪ ಆಚೀಚೆ ಆದರೂ ಮಕ್ಕಳು ಹೊಂದಿಸಿಕೊಳ್ಳುತ್ತಾರೆ. ಮಗು ಮೊದಲು ಊಹಿಸಲಿ, ಆಮೇಲೆ ಬಿಸಿಲಿಗೆ ಹಿಡಿದು ನೋಡಲಿ. ಅಂಟು ಬೇಡ, ಡೈ ಬೇಡ, ಬೇರೆ ಕಾಗದ ಬೇಡ. ನಿಮ್ಮ ಪತ್ರಿಕೆ ಹೋಗುವ ಮನೆ, ಚಹಾದಂಗಡಿ, ಸಲೂನು, ಅಂಗನವಾಡಿ ಎಲ್ಲ ಕಡೆಗೂ ಅದು ತಲುಪುತ್ತದೆ. ಸಂಜೆ ಅದರಲ್ಲಿ ಬಜ್ಜಿ ಕಟ್ಟಿಕೊಟ್ಟರೂ ಪರವಾಗಿಲ್ಲ. ಅಷ್ಟರಲ್ಲಿ ಅದರ ಕೆಲಸ ಆಗಿರುತ್ತದೆ. ಚಿತ್ರ ಬಿಡಿಸುವವರು ಬೇಕಾದರೆ ನಮ್ಮ ಜಿಲ್ಲೆಯಲ್ಲೇ ಚಿತ್ರಕಲಾ ಮೇಷ್ಟ್ರುಗಳು ಎಷ್ಟೋ ಜನ ಇದ್ದಾರೆ. ಕತೆ ಬೇಕಾದರೆ ನಮ್ಮ ಶನಿವಾರದ ಮಕ್ಕಳ ಹತ್ತಿರ ಈಗಲೇ ನಾಲ್ಕಿವೆ. ಒಂದರಲ್ಲಿ ಬಸ್ಸೇ ಕಾಣೆಯಾಗಿದೆ. ಕಂಡಕ್ಟರ್ ಅದನ್ನು ಹುಡುಕುತ್ತಿದ್ದಾರೆ, ಬಸ್ಸಿನೊಳಗೇ ಕೂತು.

ಪತ್ರದ ಜೊತೆ ನಮ್ಮ ಪುಸ್ತಕದ ಎಲ್ಲ ಪುಟಗಳ ಫೋಟೋ ಇಟ್ಟಿದ್ದೇನೆ. 15ನೇ ಪುಟದಲ್ಲಿ ಜೇಬಿನ ಬಾಗಿಲು ಇಲ್ಲ, ಹನ್ನೆರಡನೆಯದು ಇನ್ನೂ ಅಂಟಿಸಬೇಕು. 5ನೇ ಪುಟದಲ್ಲಿ ಎಷ್ಟು ಇರುವೆಗಳಿವೆ ಎಂದು ನಿಮ್ಮನ್ನು ಕೇಳಲು ಮಕ್ಕಳು ಹೇಳಿದ್ದಾರೆ. ಒಂದು ಇರುವೆ ಬೇರೆ ಕಡೆ ಹೋಗುತ್ತಿದೆಯಂತೆ. ಅದು ಎಲ್ಲಿಗೆ ಹೋಗುತ್ತಿದೆ ಎಂದು ಅವರು ನನಗೂ ಹೇಳಿಲ್ಲ. ನೀವು ಕಂಡುಹಿಡಿದರೆ ದಯವಿಟ್ಟು ಒಂದು ಸಾಲು ಬರೆಯಿರಿ.

ಇಂತಿ,
ಗ್ರಂಥಾಲಯ ಮೇಲ್ವಿಚಾರಕಿ
ತಿಪಟೂರು ತಾಲ್ಲೂಕು, ತುಮಕೂರು ಜಿಲ್ಲೆ